ಎರಡು ಸಲ ಕೇಳಬೇಕು

ಮನೆಯಿಂದ, ಹೊಲಿಗೆ ಮೆಷಿನ್ನಿನ ಮೇಲೆ ಹಲಗೆ ಹಾಕಿಕೊಂಡು
ತಾರೀಕು ೧೪, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಬಂಗಾರದಂಥ ಮಗಳೇ,

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಭಾನುವಾರ ಫೋನಿನಲ್ಲಿ ಎರಡು ಸಲ ಕೆಮ್ಮಿದ್ದು ಕೇಳಿಸಿತು. ಮೂರನೇ ಸಲ ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ, ಅದೂ ಕೇಳಿಸಿತು. ನದಿ ಗಾಳಿಯಲ್ಲಿ ನಿಂತು ಸೇತುವೆ ಕಟ್ಟಿಸುವವಳು ಕಿವಿಗೆ ಬಟ್ಟೆ ಸುತ್ತಿಕೊಂಡರೆ ಇಂಜಿನಿಯರ್ ಪದವಿಯೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ನೋಯುತ್ತದೆ, ನನ್ನ ಪಾಡಿಗೆ ನಾನು ನಡೆಯುತ್ತೇನೆ. ನಿನ್ನ ಮಗಳು ಚೋಟು ಕೂಡ ಚೆನ್ನಾಗಿದ್ದಾಳೆ. ಪಕ್ಕದ ಹಲ್ಲೊಂದು ಅಲ್ಲಾಡುತ್ತಿದೆ, ನಾಲಿಗೆಯಲ್ಲಿ ಅದನ್ನು ತಳ್ಳುವುದೇ ಈಗ ಅವಳಿಗೆ ಇಡೀ ದಿನದ ಉದ್ಯೋಗ.

ವಾರ ವಾರ ಫೋನು ಇರುವಾಗ ಪತ್ರ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡ. "ಅಮ್ಮಾ, ನನ್ನ ಮಾತು ಮುಗೀಲಿ" ಎಂದು ನೀನು ಹೇಳದ ಭಾನುವಾರ ಒಂದಾದರೂ ಇದೆಯಾ? ಪತ್ರ ಹಾಕಿದರೆ ನಿನ್ನ ಉತ್ತರ ಬರುವ ತನಕ ನಾನು ಬಾಯಿ ಮುಚ್ಚಿಕೊಂಡು ಇರಲೇಬೇಕು. ಅದಕ್ಕೇ ಈ ಶಿಕ್ಷೆ. ಅದೂ ಅಲ್ಲದೆ, ಮಂಗಳವಾರ ಸಂಜೆಯಿಂದ ನಾನು ದಂಗಾಗಿ ಕೂತಿದ್ದೇನೆ. ಎರಡು ದಿನದಲ್ಲಿ ಒಂದು ಕಾಲರು ಹೊಲಿದೆ, ಅದನ್ನೂ ತಿರುಗಮುರುಗ ಹೊಲಿದೆ. ನನ್ನ ಕೈಯಲ್ಲಿ ಕಾಲರು ತಿರುಗಮುರುಗ ಆದದ್ದು ನೀನು ಹುಟ್ಟಿದ ದಿನ ಬಿಟ್ಟರೆ ಇದೇ.

ಮೊದಲಿನಿಂದ ಹೇಳುತ್ತೇನೆ. ಚೋಟು ಸ್ಕೂಲಿನಲ್ಲಿ ಸಂಜೆ ಬೆಲ್ಲು ಹೊಡೆದ ಮೇಲೆ ಮಕ್ಕಳ ಸೇವಾ ಕೂಟ ನಡೆಯುತ್ತದೆ ಅಂತ ಹೇಳಿದ್ದೆನಲ್ಲ. ಮೂರರಿಂದ ಐದನೇ ಕ್ಲಾಸಿನ ತನಕ ಹದಿನಾಲ್ಕು ಮಕ್ಕಳು. ನಡೆಸುವವರು ಅವರ ಆಟದ ಮೇಷ್ಟ್ರು. ಕತ್ತಿನಲ್ಲಿ ಯಾವಾಗಲೂ ಸೀಟಿ, ಊದುವುದು ಮಾತ್ರ ನಾನು ಕಂಡಿಲ್ಲ. ಎರಡು ತಿಂಗಳ ಹಿಂದೆ ಅವರೇ ಮನೆಗೆ ಬಂದು, "ಅಮ್ಮಾ, ಮಕ್ಕಳಿಗೆ ಗುಂಡಿ ಹೊಲಿಯೋದು ಕಲಿಸಿಕೊಡ್ತೀರಾ, ವೃದ್ಧಾಶ್ರಮದ ಅಂಗಿಗಳ ಗುಂಡಿಯೆಲ್ಲ ಬಿದ್ದುಹೋಗಿದೆ" ಎಂದು ಕರೆದರು. ಮಂಗಳವಾರ ಮಂಗಳವಾರ ಹೋಗುತ್ತಿದ್ದೇನೆ. ಚಿತ್ರ ಬಿಡಿಸುವ ಕೋಣೆ, ಬಣ್ಣ ಮೆತ್ತಿದ ಉದ್ದನೆಯ ಮೇಜು, ಮಂಡಿ ಗಲ್ಲಕ್ಕೆ ತಾಗುವಷ್ಟು ಗಿಡ್ಡ ಕುರ್ಚಿಗಳು. ಒಮ್ಮೆ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಮಕ್ಕಳು ಬೇಕು. ಅದನ್ನೂ ಅವರು ಸೇವೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.

ಆ ಕೂಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಯಾರಿಗೇ ಸಹಾಯ ಮಾಡುವ ಮೊದಲು "ನಿಮಗೆ ಏನು ಬೇಕು?" ಎಂದು ಕೇಳಬೇಕು. ಅವರು ಹೇಳಿದ್ದನ್ನು ಒಂದಕ್ಷರ ಆಚೀಚೆ ಮಾಡದೆ ಹಾಳೆಯಲ್ಲಿ ಬರೆದುಕೊಂಡು, ಓದಿ ಹೇಳಿ, ಅವರಿಂದಲೇ ಸಹಿ ಹಾಕಿಸಿಕೊಳ್ಳಬೇಕು. ಏನೂ ಬೇಡ ಅಂದರೆ ಇನ್ನೊಂದು ಸಲ ಕೇಳಬೇಕು. ಯಾಕೆಂದರೆ ಮೊದಲನೇ ಸಲ ಎಲ್ಲರೂ ಮರ್ಯಾದೆಗೆ ಉತ್ತರ ಕೊಡುತ್ತಾರಂತೆ. ಮೂರನೇ ಸಲ ಮಾತ್ರ ಕೇಳಬಾರದು, ಅದು ಪೀಡಿಸಿದ ಹಾಗೆ. ಈ ನಿಯಮ ಹುಟ್ಟಿದ ಕಥೆ ಕೇಳಿದರೆ ನಗುತ್ತೀಯ. ಹೋದ ವರ್ಷ ಮಕ್ಕಳು ಗಡಿಯಾರ ರಿಪೇರಿಯವನ ಅಂಗಡಿಗೆ ನುಗ್ಗಿ, ಅವನು ಊಟ ಮುಗಿಸಿ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಬಿಚ್ಚಿದ ಗಡಿಯಾರಗಳನ್ನೆಲ್ಲ ಒಪ್ಪ ಮಾಡಿಟ್ಟಿದ್ದರಂತೆ. ಹಲ್ಲಿನ ಚಕ್ರಗಳೆಲ್ಲ ಒಂದು ಡಬ್ಬಿಯಲ್ಲಿ, ಮುಳ್ಳುಗಳೆಲ್ಲ ಇನ್ನೊಂದರಲ್ಲಿ, ತಿರುಪುಗಳು ಸೈಜಿನ ಪ್ರಕಾರ ಸಾಲಾಗಿ. ಯಾವ ಚಕ್ರ ಯಾವ ಗಡಿಯಾರದ್ದು ಅಂತ ಹುಡುಕಲು ಅವನಿಗೆ ಮೂರು ವಾರ ಬೇಕಾಯಿತು. ಬೈಯಲಿಲ್ಲವಂತೆ ಪುಣ್ಯಾತ್ಮ, ತಲೆ ಮೇಲೆ ಕೈ ಹೊತ್ತು "ಒಂದು ಮಾತು ಕೇಳ್ಬಾರದಾ ಮಕ್ಕಳೇ" ಎಂದನಂತೆ.

ನಾನು ಈ ನಿಯಮ ಕೇಳಿ ಮೂಗು ಮುರಿದಿದ್ದೆ. ನನ್ನನ್ನು ನೀನು ಬಲ್ಲೆಯಲ್ಲ. ನಲವತ್ತು ವರ್ಷ ಯೂನಿಫಾರಂ ಹೊಲಿದ ಕೈ ಇದು. ಮಗು ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಎದೆ, ತೋಳು, ಉದ್ದ ಹೇಳಿಬಿಡುತ್ತಿದ್ದೆ. ಈ ಊರಿನ ಅರ್ಧ ಮಕ್ಕಳು ನನ್ನ ಕಣ್ಣಳತೆಯಲ್ಲೇ ಬೆಳೆದವರು. ಯಾರಿಗೆ ಏನು ಬೇಕೆಂದು ಮುಖ ನೋಡಿದರೇ ಗೊತ್ತಾಗಬೇಕಪ್ಪ, ಕೇಳಿ ಕೊಡುವುದು ಅಂಗಡಿ ವ್ಯಾಪಾರ, ಕೇಳದೆ ಕೊಡುವುದೇ ಪ್ರೀತಿ ಎಂದು ಮೇಷ್ಟ್ರಿಗೇ ಪಾಠ ಹೇಳಿದ್ದೆ. ಅವರು ಸೀಟಿ ತಿರುಗಿಸುತ್ತಾ ನಕ್ಕರು.

ಈಗ ಮಂಗಳವಾರಕ್ಕೆ ಬರುತ್ತೇನೆ. ಸೋಮವಾರ ಮಕ್ಕಳು ಮೂರು ಮೂರು ಜನರ ಗುಂಪಾಗಿ ನಮ್ಮ ಬೀದಿಯಲ್ಲಿ ಒಂಟಿಯಾಗಿರುವವರ ಮನೆಗಳಿಗೆ ಹೋಗಿ ಕೇಳಿಕೊಂಡು ಬಂದಿದ್ದರು. ಮಂಗಳವಾರ ಹಾಳೆ ಓದುವ ದಿನ. ಹೆಸರು ಹೇಳುವಂತಿಲ್ಲ, ಮನೆಯ ಗುರುತು ಮಾತ್ರ. ಒಬ್ಬರಿಗೆ ಬಲ್ಬು ಬದಲಿಸಬೇಕಿತ್ತು, ಇನ್ನೊಬ್ಬರಿಗೆ ಔಷಧಿ ಚೀಟಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕಿತ್ತು. ನಾನು ಕೆಳಗೆ ನೋಡಿಕೊಂಡು ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದೆ. ಆಗ ನಾಲ್ಕನೇ ಕ್ಲಾಸಿನ ಕನ್ನಡಕದ ಹುಡುಗಿ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು ಓದಿದಳು. "ಬಿಳಿ ಗೇಟಿನ ಮನೆ. ಮೊದಲ ಸಲ ಕೇಳಿದಾಗ: ನನಗೇನೂ ಬೇಡ ಮಕ್ಕಳೇ. ಎರಡನೇ ಸಲ ಕೇಳಿದಾಗ: ನನಗೆ ಕುಂಬಳಕಾಯಿ ಸೂಪು ಬರೋದು ನಿಲ್ಲಬೇಕು. ಆರು ವರ್ಷ ಆಯ್ತು. ತರೋರು ಪಾಪ ತುಂಬಾ ಒಳ್ಳೆಯವರು, ಅದಕ್ಕೇ ಹೇಳೋಕೆ ಆಗಲ್ಲ."

ಬಿಳಿ ಗೇಟಿನ ಮನೆ ಅಂದರೆ ನಮ್ಮ ಎದುರು ಮನೆ ಕಣೇ! ನಮ್ಮ ಲೈಬ್ರರಿ ಅಕ್ಕ! ಅವರು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಬಂದ ವಾರದಿಂದ, ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಸ್ಟೀಲ್ ಡಬ್ಬಿಯಲ್ಲಿ, ಬಿಸಿಬಿಸಿಯಾಗಿ, ಮಳೆ ಬರಲಿ ಬಿಸಿಲಿರಲಿ, ಕೊಟ್ಟುಬರುತ್ತಿರುವವಳು ನಾನು. ಅವತ್ತು ಬೆಳಿಗ್ಗೆ ಕೂಡ ಕೊಟ್ಟುಬಂದಿದ್ದೆ! ಸೂಜಿ ಬೆರಳಿಗೆ ಚುಚ್ಚಿತು, ನೋವೂ ಗೊತ್ತಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ನಿಜವಾಗಿಯೂ ಸೆರಗು ಎಳೆದು ಹೆಗಲು ಮುಚ್ಚಿಕೊಂಡೆ. ಆ ಕೋಣೆಯಲ್ಲಿ ಸೂಪಿನವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಚೋಟು ಒಬ್ಬಳನ್ನು ಬಿಟ್ಟು. ಅವಳು ಮೇಜಿನ ಕೆಳಗೆ ಬಿದ್ದ ಗುಂಡಿ ಹುಡುಕುವವಳ ಹಾಗೆ ತಲೆ ಬಗ್ಗಿಸಿದವಳು ಮೇಲೆ ಏಳಲೇ ಇಲ್ಲ.

ಮಕ್ಕಳೋ, ಸೂಪು ನಿಲ್ಲಿಸುವ ದಾರಿ ಹುಡುಕಲು ಶುರು ಮಾಡಿದರು. ಗೇಟಿಗೆ ಬೋರ್ಡು ಹಾಕೋಣ ಎಂದಿತು ಒಂದು. ಸೂಪಿನವರಿಗೆ ಕುಂಬಳಕಾಯಿ ಮಾರಬೇಡಿ ಅಂತ ತರಕಾರಿ ಅಂಗಡಿಯವನಿಗೆ ಹೇಳೋಣ ಎಂದಿತು ಇನ್ನೊಂದು. ಮೂರನೇ ಕ್ಲಾಸಿನ ಒಂದು ಪುಟಾಣಿ, ಗೇಟಿನ ಹಿಂದೆ ಅಡಗಿ ಕೂತು ಹಿಡಿಯೋಣ ಎಂದಿತು. ಕೊನೆಗೆ ಮೇಷ್ಟ್ರು, ಈ ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಿದೆ. "ಅದನ್ನ ನನಗೆ ಬಿಡಿ" ಎಂದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು ಕಣೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದಾರಿಯಲ್ಲಿ ಬರುವಾಗ ಬೀದಿ ಕೊನೆಯ ಕಾವಲುಗಾರನ ನಾಯಿ ಓಡಿಬಂದು ಬಾಲ ಅಲ್ಲಾಡಿಸುತ್ತಾ ನನ್ನ ಕೈಚೀಲ ಮೂಸಿತು. ಯಾವಾಗಲೂ ಹಾಗೆಯೇ. ಈ ಮೂಕಪ್ರಾಣಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಬೀಗುತ್ತಿದ್ದೆ. ಆಗ ಚೋಟು ನನ್ನ ಕಿರುಬೆರಳು ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಅಜ್ಜಿ, ನಿನ್ನ ಸೂಪು ಯಾವಾಗ್ಲೂ ಇದೇ ಕುಡಿಯೋದು. ನಾನು ನೋಡಿದ್ದೀನಿ." ಯಾವಾಗಿಂದ ಎಂದೆ. "ಒಂದನೇ ಕ್ಲಾಸಿಂದ" ಎಂದಳು. ಯಾಕೆ ಹೇಳಲಿಲ್ಲ ಎಂದೆ. "ನಿಂಗೆ ಬೇಜಾರಾಗುತ್ತೆ ಅಂತ."

ಎಂಟು ವರ್ಷದ ಮಗು ಕಣೇ. ಎರಡು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಉಂಡು ಮಲಗಿ ಎದ್ದಿದ್ದಾಳೆ. ನನಗೆ ಸೂಪಿಗಿಂತ ಅದೇ ದೊಡ್ಡ ಆಘಾತ. ಮಗುವಿಗೆ ನಾನಂದರೆ ಭಯವಲ್ಲ, ನನ್ನ ಬೇಜಾರೆಂದರೆ ಭಯ. ಈ ಭಯಕ್ಕೇ ಮನೆಯವರೆಲ್ಲ ನನ್ನ ಮುಂದೆ ಬಾಯಿ ಬಿಡದೆ ಇರಲು ಕಲಿತಿರಬಹುದೇ ಎಂದು ಯೋಚಿಸುತ್ತಾ ಕೂತೆ.

ಬುಧವಾರ ಬೆಳಿಗ್ಗೆ ಬರಿಗೈಯಲ್ಲಿ ಎದುರು ಮನೆಗೆ ಹೋದೆ. ಲೈಬ್ರರಿ ಅಕ್ಕ ಅಭ್ಯಾಸ ಬಲದಿಂದ ಖಾಲಿ ಡಬ್ಬಿ ತೊಳೆದು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆದರು. ನನ್ನ ಮುಖ ನೋಡಿದವರಿಗೆ ಎಲ್ಲ ಅರ್ಥವಾಯಿತು. ಪಾಪ, ಅವರ ಮುಖ ನನಗಿಂತ ಬಿಳಿಚಿಕೊಂಡಿತು. "ಮೊದಲ ದಿನ ಚೆನ್ನಾಗಿದೆ ಅಂದುಬಿಟ್ಟೆ, ಅದೇ ತಪ್ಪಾಯ್ತು" ಎಂದರು. ಕುಂಬಳಕಾಯಿ ಅವರಿಗೆ ಹುಟ್ಟಿನಿಂದ ಆಗಿಬರುವುದಿಲ್ಲವಂತೆ. "ಮಕ್ಕಳು ಎರಡನೇ ಸಲ ಕೇಳಿದ್ರು ನೋಡಿ, ಬಾಯಿಂದ ಬಂದುಬಿಡ್ತು. ನನ್ನನ್ನ ಯಾರೂ ಎರಡನೇ ಸಲ ಕೇಳಿರಲಿಲ್ಲ." ನಾನೂ ನಿಯಮದ ಪ್ರಕಾರ ಕೇಳಿದೆ, ನಿಮಗೆ ಏನು ಬೇಕು ಅಂತ. ಏನೂ ಬೇಡ ಎಂದರು. ಮತ್ತೆ ಕೇಳಿದೆ. ಡಬ್ಬಿಯ ಮುಚ್ಚಳ ತಿರುಗಿಸುತ್ತಾ, "ಆರು ವರ್ಷದಲ್ಲಿ ನೀವು ಒಂದು ದಿನಾನೂ ಒಳಗೆ ಬಂದು ಕೂತಿಲ್ಲ" ಎಂದರು. ಅಷ್ಟೇ. ಹೋಗಿ ಕೂತೆ. ಅವರು ಓದುತ್ತಿದ್ದರು, ನಾನು ಸುಮ್ಮನೆ ಕಿಟಕಿ ನೋಡುತ್ತಿದ್ದೆ. ಹದಿನೈದು ನಿಮಿಷ ಒಂದು ಮಾತೂ ಆಡಲಿಲ್ಲ. ನಂಬು ಬಿಡು, ನಿನ್ನಿಷ್ಟ.

ಆ ಹದಿನೈದು ನಿಮಿಷದಲ್ಲಿ ನನಗೆ ನೆನಪಾದದ್ದು ನೀನು. ಎರಡು ವರ್ಷದ ಹಿಂದೆ, ಅಳಿಯ ತೀರಿಕೊಂಡ ಆರು ತಿಂಗಳಿಗೆ, ನಿನಗೆ ಸೇತುವೆಯ ಕೆಲಸ ಬಂತು. ಹೊರಡುವ ದಿನ ನಿನ್ನ ಒಂದು ಕೈಯಲ್ಲಿ ನಿನ್ನ ಪೆಟ್ಟಿಗೆ ಇತ್ತು, ಇನ್ನೊಂದು ಕೈಯಲ್ಲಿ ಚೋಟುವಿನ ಹಸಿರು ಚೀಲ ಇತ್ತು. ಅಲ್ಲಿ ಕ್ವಾರ್ಟರ್ಸಿನ ಹಿಂದೆಯೇ ಸ್ಕೂಲಿದೆ ಅಂದಿದ್ದೆ ನೀನು. ಅದೆಂಥ ಸ್ಕೂಲೋ ಎಂದೆ ನಾನು, ಕಣ್ಣಲ್ಲಿ ನೋಡದೆಯೇ. ಮಗು ಇಲ್ಲಿರಲಿ, ನೀನು ಮೊದಲು ಚೇತರಿಸಿಕೋ ಎಂದು ಆ ಹಸಿರು ಚೀಲವನ್ನು ನಿನ್ನ ಕೈಯಿಂದ ತೆಗೆದುಕೊಂಡು ಅಟ್ಟಕ್ಕೆ ಹಾಕಿದೆ. ನೀನು ಏನೂ ಹೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಮೌನಂ ಸಮ್ಮತಿ ಲಕ್ಷಣಂ ಎಂದವರು ಯಾರೋ, ಅವರ ಮನೆಯಲ್ಲೂ ನನ್ನಂಥವಳೊಬ್ಬಳು ಇದ್ದಿರಬೇಕು. ಮಗಳೇ, ನಿನ್ನ ಕೈಯಲ್ಲಿದ್ದ ಚೀಲವನ್ನು ಕಿತ್ತುಕೊಂಡೆನೇ ನಾನು? ಸೂಪು ಕೊಟ್ಟ ಹಾಗೆಯೇ ಮಾಡಿದೆನೇ?

ಈಗ ಹೇಳುವುದನ್ನು ಕೂತು ಓದು. ಸೇತುವೆಯ ಮೇಲೆ ನಿಂತು ಓದಬೇಡ. ಹೋದ ತಿಂಗಳು ನಿನ್ನ ಇಲಾಖೆಯ ಇಲ್ಲಿನ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿನ ಗುಮಾಸ್ತನ ಇಬ್ಬರು ಮಕ್ಕಳಿಗೂ ಯೂನಿಫಾರಂ ಹೊಲಿದವಳು ನಾನೇ, ಅವನೇ ಬಂದು ಹೇಳಿದ. ನಾನು ವರ್ಗಾವಣೆ ಅರ್ಜಿ ತಂದು, ತುಂಬಿ, ನಿನ್ನ ಸಹಿ ಹಾಕಿ ಕೊಟ್ಟುಬಂದೆ. ಹೌದು, ನಾನೇ ಹಾಕಿದೆ. ಹತ್ತನೇ ಕ್ಲಾಸಿನಲ್ಲಿ ನನ್ನ ಬಟ್ಟೆ ಕತ್ತರಿಸುವ ಕಾಗದದ ಮೇಲೆ ನೀನು ಸಹಿ ಕಲಿತವಳು, ಅದರ ಬಾಲ ಎಲ್ಲಿ ತಿರುಗುತ್ತದೆ ಎಂದು ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಆದೇಶ ಕೈಗೆ ಬಂದಾಗ ನಿನಗೆ ಸಂತೋಷವಾಗುತ್ತದೆ, ಅಮ್ಮನ ಕಣ್ಣಳತೆ ತಪ್ಪಲ್ಲ ಅಂತೀಯ ಎಂದುಕೊಂಡಿದ್ದೆ. ಕನಸಿನಲ್ಲೂ ಅದು ತಪ್ಪೆಂದು ಹೊಳೆದಿರಲಿಲ್ಲ, ಅದೇ ನನಗೆ ಈಗ ದಿಗಿಲು.

ನಿನ್ನೆ ಲೈಬ್ರರಿ ಅಕ್ಕನ ಮನೆಯಿಂದ ಸೀದಾ ಆ ಕಚೇರಿಗೆ ಓಡಿದೆ, ಮಂಡಿಯನ್ನು ಕೇಳುವವರಾರು. ಅರ್ಜಿಗಳ ಕಟ್ಟು ನಾಳೆ ಮೇಲಿನ ಕಚೇರಿಗೆ ಹೋಗುವುದಿತ್ತು. "ಮೇಡಂ ಅವರೇ ವಾಪಸ್ ಕೇಳಿದ್ರಾ?" ಎಂದ ಗುಮಾಸ್ತ. ಅವಳಿಗೆ ಕೊಟ್ಟಿದ್ದೇ ಗೊತ್ತಿಲ್ಲಪ್ಪ, ಸಹಿ ನನ್ನದು ಎಂದೆ. ಅವನು ಕೆಂಡ ಮುಟ್ಟಿದವನ ಹಾಗೆ ಅರ್ಜಿಯನ್ನು ನನ್ನ ಕಡೆಗೆ ತಳ್ಳಿ, "ಅಮ್ಮಾ, ನನ್ನ ಕೆಲಸಾನೂ ಹೋಗ್ತಿತ್ತು, ಅವರ ಕೆಲಸಾನೂ ಹೋಗ್ತಿತ್ತು" ಎಂದ. ನಿನ್ನ ಒಳ್ಳೆಯದಕ್ಕೆಂದು ಹೊರಟವಳು ನಿನ್ನ ಅನ್ನಕ್ಕೇ ಕಲ್ಲು ಹಾಕುತ್ತಿದ್ದೆ. ತಪ್ಪಾಯಿತು ಮಗಳೇ. ಈ ಮಾತನ್ನು ನಿನಗೆ ಯಾವತ್ತೂ ಹೇಳಿದ ನೆನಪಿಲ್ಲ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ, ತಪ್ಪಾಯಿತು. ನಾನು ಸಹಿ ಹಾಕಿದ ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ, ಹರಿಯುವುದು ನಿನ್ನ ಹಕ್ಕು. ಖಾಲಿ ಅರ್ಜಿ ಒಂದನ್ನೂ ಇಟ್ಟಿದ್ದೇನೆ. ಹೊಸ ಅರ್ಜಿಗೆ ತಿಂಗಳ ಕೊನೆಯ ತನಕ ಅವಕಾಶ ಇದೆಯಂತೆ. ತುಂಬು, ತುಂಬದಿರು, ಅದರಲ್ಲಿ ದೋಣಿ ಮಾಡಿ ನದಿಗೆ ಬಿಡು. ನಿನಗೆ ಏನು ಬೇಕು? ಇದು ಮೊದಲನೇ ಸಲ ಕೇಳಿದ್ದು. ಏನೂ ಬೇಡ ಅಮ್ಮಾ ಎಂದು ಬರೆದೆಯೋ, ಇನ್ನೊಮ್ಮೆ ಕೇಳುತ್ತೇನೆ.

ಬೇಳೆ ಬೇಯಲು ಇಟ್ಟು ಬಂದಿದ್ದೆ, ಸೀದ ವಾಸನೆ ಬರುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಟ್ಟುವ ಸೇತುವೆ ನೂರು ವರ್ಷ ನಿಲ್ಲಲಿ, ನೀನು ಅದಕ್ಕಿಂತ ಗಟ್ಟಿಯಾಗಿರು. ನಿನ್ನ ಕೈಕೆಳಗಿನ ಹುಡುಗರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ಅವರಿಗೆ ನಾನು ಹೊಲಿದು ಕಳಿಸಿದ ಕೈಗವಸು ಬೇಕಿತ್ತೋ ಇಲ್ಲವೋ, ಅದನ್ನೂ ಒಂದು ಮಾತು ಕೇಳಿಬಿಡು.

ಇಂತಿ ನಿನ್ನ,
ಕೇಳದೆಯೇ ಎಲ್ಲ ಗೊತ್ತಿದ್ದ ಅಮ್ಮ

ಮರೆತದ್ದು: ಲಕೋಟೆ ಇನ್ನೂ ಅಂಟಿಸಿರಲಿಲ್ಲ, ಚೋಟು ಸ್ಕೂಲಿಂದ ಬಂದಳು. ಅವಳ ಚೀಲದಿಂದಲೇ ಕೂಟದ ಹಾಳೆಯೊಂದನ್ನು ತೆಗೆದುಕೊಂಡು ನಿಯಮದ ಪ್ರಕಾರ ಕೇಳಿದೆ. ಮೊದಲ ಸಲ, "ಏನೂ ಬೇಡ ಅಜ್ಜಿ" ಎಂದು ಹಲ್ಲು ಅಲ್ಲಾಡಿಸುತ್ತಾ ನಿಂತಳು. ಎರಡನೇ ಸಲ ಕೇಳಿದೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ, ಓದಿ ಹೇಳಿದೆ, ಕೆಳಗೆ ಅವಳೇ ಸಹಿ ಹಾಕಿದ್ದಾಳೆ. ಹಾಳೆ ಇದರೊಳಗೇ ಇದೆ. ಅವಳು ಹೇಳುವ ವೇಗಕ್ಕೆ ಬರೆದದ್ದರಿಂದ ಅಕ್ಷರ ಅಂಕುಡೊಂಕು, ಓದಲಾಗದಿದ್ದರೆ ಎಂದು ಇಲ್ಲೂ ಬರೆಯುತ್ತೇನೆ: "ನನಗೆ ಅಮ್ಮ ಇರೋ ಕಡೆ ಇರಬೇಕು. ಅಮ್ಮ ಇಲ್ಲಿಗೆ ಬಂದ್ರೂ ಸರಿ, ನಾನು ಅಲ್ಲಿಗೆ ಹೋದ್ರೂ ಸರಿ. ದಿನಾ ಹೇಳಬೇಕು ಅಂದ್ಕೊಳ್ತೀನಿ. ಅಜ್ಜಿ ಸೂಪು ಮಾಡ್ತಾ ಖುಷಿಯಾಗಿರ್ತಾಳೆ, ಅದಕ್ಕೇ ಹೇಳಲ್ಲ." ಹಸಿರು ಚೀಲ ಅಟ್ಟದಿಂದ ಇಳಿಸಿದ್ದೇನೆ. ಒಳಗೆ ನೀನು ಮಡಿಸಿಟ್ಟಿದ್ದ ಎರಡು ಫ್ರಾಕು ಹಾಗೇ ಇದ್ದವು. ಹಾಕಿ ನೋಡಿದರೆ ತೋಳೇ ತೂರಲಿಲ್ಲ ಕಣೇ, ನನ್ನ ಕಣ್ಣಿಗೆ ಅವಳು ಇನ್ನೂ ಅದೇ ಅಳತೆಯಲ್ಲಿದ್ದಳು. ಟೇಪು ಎಲ್ಲಿಟ್ಟಿದ್ದೇನೋ ಹುಡುಕಬೇಕು. ಅಂಚೆಯವನು ಡಬ್ಬ ತೆಗೆಯುವ ಹೊತ್ತಾಯಿತು.